ಸೊನ್ನೆ ಹೊತ್ತ ಕಂಬಿ

ತೀಸಾ ನದಿಗೆ ಇನ್ನೂ ಪೂರಾ ಹೆಪ್ಪುಗಟ್ಟುವ ಮನಸ್ಸಿಲ್ಲ.
ಮಂಜುಗಡ್ಡೆಯ ಹೋಳುಗಳು ಒಂದಕ್ಕೊಂದು ಭುಜ ತಾಗಿಸಿ
ಸೇತುವೆಯ ಕಾಲ ಸಂದಿಯಲ್ಲಿ ನುಸುಳುತ್ತಿವೆ.
ಮೇಲೆ ಜಲ್ಲಿ ತುಂಬಿದ ಒಂಟಿ ವ್ಯಾಗನ್ನು
ಬ್ರೇಕು ಕಚ್ಚಿ ನಿಂತು ಮುಕ್ಕಾಲು ಗಂಟೆ.

ಕಾವಲುಗೂಡಿನಲ್ಲಿ ಬೊರೊಕಾ ಪೆನ್ಸಿಲು ಚೀಪುತ್ತ:
ಅರವತ್ತು ಟನ್ನು. ಈಚೆ ದಡದಿಂದ ಕಾಲು ಪಾಲು ದೂರ.
ಸೇತುವೆಯ ಸ್ವಂತ ತೂಕ ಸದ್ಯ ಮರೆತರೆ
ಈಚೆ ಕಂಬಕ್ಕೆ ನಲವತ್ತೈದು,
ಆಚೆಯದಕ್ಕೆ ಬರೀ ಹದಿನೈದು.
ಹತ್ತಿರದವರಿಗೇ ಹೊರೆ ಹೆಚ್ಚು,
ಇದಕ್ಕೆ ಕಾಲೇಜು ಬೇಕಿತ್ತೇ ಎಂದು ನಕ್ಕ ವಿಲ್ಮೋಶ್,
ನಲವತ್ತು ಚಳಿಗಾಲ ರಿವೆಟ್ಟುಗಳ ಎದೆ ಬಡಿದು ಕೇಳಿದವನು.

ಅವಳು ಆಚೆ ತುದಿಯ ಸಂಧಿಗೆ ಇಳಿದಳು, ಕಾಗದದಲ್ಲಿ.
ಕೆಳಗಿನಿಂದ ಕಂಬ ಹದಿನೈದು ಎತ್ತಿ ಹಿಡಿದರೆ
ಓರೆತೊಲೆ ಹದಿನೇಳು ಚಿಲ್ಲರೆ ಒತ್ತುತ್ತದೆ,
ಕೆಳಪಟ್ಟಿ ಎಂಟೂವರೆಗೆ ತುಸು ಮಿಕ್ಕು ಎಳೆಯುತ್ತದೆ.
ಎತ್ತು ಏರಿಗೆ, ಕೋಣ ನೀರಿಗೆ;
ನಡುವಿನ ನೊಗ ಮಾತ್ರ ಕದಲುವುದಿಲ್ಲ.
ಎಡಕ್ಕೆ ಎಷ್ಟು ಬಲವೋ ಬಲಕ್ಕೂ ಅಷ್ಟೇ ಬಲ,
ಮೇಲಿನದರಲ್ಲಿ ಕೆಳಗಿನದು ಕಳೆದರೆ ಏನೂ ಉಳಿಯಬಾರದು.
ಉಳಿದರೆ?
ಉಳಿದರೆ ಸೇತುವೆ ನಡೆಯತೊಡಗುತ್ತದೆ.
ನಡೆಯುವ ಸೇತುವೆ ಯಾರಿಗೂ ಬೇಡ.

ಸಂಧಿಯಿಂದ ಸಂಧಿಗೆ,
ಇಬ್ಬರೇ ಅಪರಿಚಿತರಿರುವಲ್ಲಿ ಮಾತ್ರ ಕಾಲಿಟ್ಟು,
ಮೂರನೆಯವನು ಕಂಡರೆ ಬಳಸಿಕೊಂಡು ಹೋಗಿ
ಮೇಲುಪಟ್ಟಿಯ ಒಂದು ಸಂಧಿಗೆ ಬಂದಳು:
ಅತ್ತ ಇತ್ತ ನೇರ ಒಂದೇ ಗೆರೆ,
ಕೆಳಕ್ಕೊಂದು ನೆಟ್ಟ ಕಂಬಿ. ಮೇಲೆ ಭಾರವಿಲ್ಲ.
ಕಂಬಿ ಎಳೆದರೆ ಎದುರೆಳೆಯಲು ಯಾರೂ ಇಲ್ಲ.
ಸೊನ್ನೆ.
ಮುಂದಿನದೂ ಸೊನ್ನೆ.

"ವಿಲ್ಮೋಶ್, ಇವಕ್ಕೂ ಯಾಕೆ ಬಣ್ಣ ಬಳಿಯುತ್ತೀರಿ?
ಹೊರುವುದು ಇಷ್ಟೂ ಇಲ್ಲ. ಕೊಯ್ದು ಗುಜರಿಗೆ ಹಾಕಿದರೆ..."

ಮುದುಕ ಅವಳ ತಗಡಿನ ಅಡಿಕೋಲು ಕಸಿದು
ಎರಡು ಅಂಗೈ ನಡುವೆ ನಿಲ್ಲಿಸಿ ಅದುಮಿದ.
ಬಿಲ್ಲಾಯಿತು.
"ಈಗ ನಡುವನ್ನು ಚಿವುಟಿ ಹಿಡಿ."
ಹಿಡಿದಳು, ಎರಡೇ ಬೆರಳು.
ಮತ್ತೆ ಅದುಮಿದ. ಬಾಗಲಿಲ್ಲ.
ಇನ್ನಷ್ಟು ಅದುಮಿದ; ಅವನ ಕಿವಿ ಕೆಂಪಾಯಿತು, ಕೋಲು ಬಾಗಲಿಲ್ಲ.
"ಬೆರಳಿಗೆ ಎಷ್ಟು ಭಾರ ಬಿತ್ತು?"
"ಏನೂ ಇಲ್ಲ."
"ಹಾಗಾದರೆ ಬಿಡು."

ಅವಳು ಬಿಡಲಿಲ್ಲ.
ಒಲೆಯ ಮೇಲೆ ಮೀನಿನ ಸಾರು ತಳ ಹಿಡಿಯಿತು.

ಹೊರಗೆ ಎಂಜಿನ್ನು ಬಂದು ಕೊಂಡಿ ಹಾಕಿತು.
ಅರವತ್ತು ಟನ್ನು ನರಳುತ್ತ ಮುಂದಕ್ಕೆ ಸರಿಯಿತು,
ಹೆಜ್ಜೆ ಹೆಜ್ಜೆಗೂ ಅವಳ ಪುಟದ ಅಂಕಿಗಳನ್ನು
ಒಂದೊಂದಾಗಿ ಸುಳ್ಳು ಮಾಡುತ್ತ,
ಆ ಎರಡು ಸೊನ್ನೆಗಳನ್ನು ಬಿಟ್ಟು.