ಇರ್ಯಾ ಎಳೆದ ಗೆರೆ

ಮೊದಲ ರಾತ್ರಿ ನಾನು ಎಣಿಸಿದ್ದು ಬಣ್ಣಗಳನ್ನು.
ಒಂದೇ ಪರದೆಯಲ್ಲಿ ಹನ್ನೊಂದು.
ಓಡುವ ಪಂಪು ಹಸಿರು, ನಿಂತದ್ದು ಕೆಂಪು,
ಬೇಕೆಂದೇ ನಿಲ್ಲಿಸಿಟ್ಟದ್ದೂ ಕೆಂಪು.
ಬಾಯ್ಲರಿನ ಹೊಟ್ಟೆಯಲ್ಲಿ ಕುಣಿವ ಬೆಂಕಿಯ ಚಿತ್ರ;
ಒಲೆ ಆರಿದ ದಿನವೂ ಅದು ಕುಣಿಯುತ್ತಲೇ ಇತ್ತಂತೆ.

ಕಿಟಕಿಯಿಲ್ಲದ ಕೋಣೆ. ಹೊರಗೆ ಬೋಥ್ನಿಯಾ ಕೊಲ್ಲಿ
ಕಲ್ಲಾಗಿ ಬಿದ್ದಿತ್ತು, ಪೈನ್ ದಿಮ್ಮಿಗಳ ಮೇಲೆ ಮೊಳದುದ್ದ ಹಿಮ.
ಒಳಗೆ ಇರ್ಯಾ, ಉಣ್ಣೆಯ ಕಾಲುಚೀಲ, ಏಲಕ್ಕಿ ಬನ್ನು,
ಇಪ್ಪತ್ತೊಂಬತ್ತು ವರ್ಷದ ಪಾಳಿ.
ಅಲಾರಂ ಕೂಗಿದರೆ ತಲೆಯೆತ್ತದೆ
ಹೆಬ್ಬೆರಳಲ್ಲೇ ಅದರ ಬಾಯಿ ಮುಚ್ಚುತ್ತಾಳೆ,
ಸೊಳ್ಳೆ ಹೊಡೆದಷ್ಟು ಸಹಜ.
ಗಂಟೆಗೆ ನಲವತ್ತೆರಡು. ಗೀಟು ಹಾಕಿ ಹಾಕಿ ನನ್ನ ಕೈ ಸೋತಿತು.

"ಇಷ್ಟು ಸಲ ತೋಳ ಬಂತು ಅಂದರೆ," ಎಂದಳು,
"ತೋಳಕ್ಕೇ ನಾಚಿಕೆಯಾಗಬೇಕು."

ಈ ಒಲೆ ಬೇರೆ ಥರ. ಮರದ ತಿರುಳು ತೆಗೆದು ಉಳಿದ
ಕಪ್ಪು ರಸವೇ ಇದರ ಕೂಳು.
ತಳದಲ್ಲಿ ಕರಗಿದ ಉಪ್ಪಿನ ಕೆಂಪು ಮಡು,
ಗೋಡೆಯ ಕೊಳವೆಗಳಲ್ಲಿ ನೀರು,
ನಡುವೆ ಕಿರುಬೆರಳ ದಪ್ಪವೂ ಇಲ್ಲದ ಉಕ್ಕು.
ಸೋರಿದ ನೀರು ಮಡುವಿಗಿಳಿದರೆ
ಕೋಣೆಯೂ ಇಲ್ಲ, ಬನ್ನೂ ಇಲ್ಲ.

ಒಳಹೋದ ನೀರಿನ ಲೆಕ್ಕ ಹದಿನಾಲ್ಕನೇ ಪುಟದಲ್ಲಿ,
ಹೊರಬಂದ ಹಬೆಯ ಲೆಕ್ಕ ಮೂವತ್ತೊಂದರಲ್ಲಿ.
ಎರಡೂ ಬರೀ ಅಂಕಿ, ದಶಾಂಶದ ಮೂರು ಬಾಲ ಸಮೇತ.
ಹೀಗೆ ದೂರ ಕೂರಿಸಿದವರು ಯಾರೆಂದು ಹುಡುಕಿದೆ.
ನಕ್ಷೆಯ ಮೂಲೆಯಲ್ಲಿ ನನ್ನದೇ ಸಹಿ, ಹಳೆಯದು.

ಮೂರು ಹೊಡೆದಾಗ ಇರ್ಯಾ ಡ್ರಾಯರಿನಿಂದ
ಚೌಕುಳಿ ಕಾಗದ ತೆಗೆದಳು, ಮೋಟು ಪೆನ್ಸಿಲ್ಲು.
ಆ ಪುಟ ಈ ಪುಟ ತಿರುವಿ ಎರಡು ಚುಕ್ಕೆಯಿಟ್ಟು
ಹಿಂದಿನ ಗಂಟೆಯ ಚುಕ್ಕೆಗೆ ಜೋಡಿಸಿದಳು.
ಎರಡು ಗೆರೆ, ಅಕ್ಕಪಕ್ಕ,
ಹಿಮದ ಮೇಲೆ ಒಬ್ಬನೇ ಜಾರಿಹೋದ ಗುರುತಿನಂತೆ.
"ಇವು ಜೊತೆಗಿರುವ ತನಕ ನನ್ನ ಹೊಟ್ಟೆ ತಣ್ಣಗೆ."

ತಾಂಪೆರೆಗೆ ಮರಳುವ ರೈಲಿನಲ್ಲಿ
ಬಣ್ಣಗಳನ್ನು ಒಂದೊಂದಾಗಿ ಅಳಿಸಿದೆ.
ಕುಣಿವ ಬೆಂಕಿಯ ಮುಂದೆ ಕೈ ತುಸು ತಡೆಯಿತು;
ಅದನ್ನು ಬಿಡಿಸಿದಾಗ ನನಗೆ ಇಪ್ಪತ್ತಾರು,
ಅಪ್ಪನಿಗೆ ತೋರಿಸಿದ್ದೆ.
ಕೊನೆಗೆ ಬೂದಿ ಬಣ್ಣ ಉಳಿಯಿತು, ಅದರ ನಡುವೆ
ಒಂದೇ ಚೌಕದಲ್ಲಿ ಆ ಎರಡು ಗೆರೆ,
ಹಿಂದಿನ ಎಂಟು ಗಂಟೆ ಬೆನ್ನಿಗೆ ಕಟ್ಟಿಕೊಂಡು.

"ಏನಿದು, ಪರದೆ ಸತ್ತಿದೆಯಾ?" ಎಂದ ವೇಯೋ,
ಮಾನಿಟರಿನ ಬೆನ್ನು ತಟ್ಟಿ.
ಕೆಂಡ ಕಾಣಬೇಕಾದರೆ ಬೂದಿಯೇ ಬೇಕು ಎಂದೆ.
ಅವನು ನಗಲಿಲ್ಲ. ವಾರವಿಡೀ
ಪಕ್ಕದ ಟೀವಿಯಲ್ಲಿ ಐಸ್ ಹಾಕಿ ಹಚ್ಚಿಟ್ಟ,
ಬಣ್ಣಕ್ಕಾಗಿ.

ಮಾರ್ಚ್. ಬೆಳಗಿನ ಜಾವ ಮೂರೂ ನಲವತ್ತು.
ಯಾವ ಅಲಾರಮ್ಮೂ ಕೂಗಿರಲಿಲ್ಲ.
ಹಬೆಯ ಗೆರೆ ನೀರಿನ ಗೆರೆಯಿಂದ
ಕೂದಲೆಳೆಯಷ್ಟು ಸರಿದು, ಮತ್ತೆ ಸೇರಲಿಲ್ಲ.
ಇರ್ಯಾ ವೇಯೋನನ್ನು ಗೋಡೆಗೆ ಕಿವಿಯಿಡಲು ಅಟ್ಟಿದಳು.
ಅವನು ರೇಡಿಯೋದಲ್ಲಿ ಎರಡೇ ಮಾತು: "ಸುಯ್ಯುತ್ತಿದೆ."
ಅವನಿಗೆ ಓಡಿಬರಲು ಹೇಳಿ, ಎಲ್ಲರನ್ನೂ ಹೊರಗಟ್ಟಿ,
ಬೆಂಕಿ ಕಡಿದು ನೀರಿಳಿಸುವ ಗುಂಡಿ ಒತ್ತಿದಳು.

ಆಮೇಲೆ ಕೇಳಿದೆ, ಗೆರೆ ನೋಡಿ ಎದ್ದಿರಾ?
ಹೌದೆನ್ನಲಿ ಎಂದು ಕಾದಿದ್ದೆ, ಸುಳ್ಳೇಕೆ.
"ಗೊತ್ತಿಲ್ಲ. ಲೋಟದ ಕಾಫಿ ನಡುಗಿದ ಹಾಗಾಯಿತು.
ಕಣ್ಣೆತ್ತಿದೆ. ಅಲ್ಲೇ ಇತ್ತು."

ಚೌಕುಳಿ ಕಾಗದ ಈಗಲೂ ಡ್ರಾಯರಿನಲ್ಲಿದೆ.
ಸಾಲದ್ದಕ್ಕೆ ನನ್ನ ಪರದೆಯ ಗಾಜಿನ ಮೇಲೆ
ಮೇಣದ ಪೆನ್ಸಿಲ್ಲಿನ ಒಂದು ಚುಕ್ಕೆ,
ಕೆಳಗೆ, ಒರೆಸಲು ಬರುವ ಹುಡುಗನಿಗೆ ಚೀಟಿ:
ಇದು ಕೊಳೆಯಲ್ಲ. ಮುಟ್ಟಬೇಡ.