ಬೆರಳಚ್ಚು

ಕುತೈಸಿಯ ಹಳೆಯ ಬೀದಿ, ರಿಯೋನಿ ಹೊಳೆಯ ಸದ್ದು
ಕಿಟಕಿಯವರೆಗೂ ಬಂದು ನಿಲ್ಲುವ ಮನೆ.
ಕೆಳಗೆ ರೊಟ್ಟಿಯ ಭಟ್ಟಿ, ಮೇಲೆ ಸಂಸಾರ,
ನಡುವೆ ಮೆಟ್ಟಿಲಡಿಯ ಗೂಡಿನಲ್ಲಿ
ಮೂರು ದಿನದಿಂದ ಮಾತು ಬಿಟ್ಟ ಕಂಪ್ಯೂಟರ್.

'ಸತ್ತಿತಾ?' ಅಂದಳು ತ್ಸಿಯಾಲಾ, ಮೊಣಕೈವರೆಗೂ ಹಿಟ್ಟು.
ಮೊದಲು ತಿರುಪುಳಿ, ಆಮೇಲೆ ಮಾತು.
ನಾಲ್ಕು ತಿರುಪು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ.
ಒಂದು ಯಾವಾಗಲೂ ಉರುಳುತ್ತದೆ; ಉರುಳಿತು.

ತಗಡು ಸರಿಸಿದರೆ ಒಳಗೊಂದು ಚಳಿಗಾಲ.
ಫ್ಯಾನಿನ ಏಳೂ ರೆಕ್ಕೆಗೆ ಹಿಟ್ಟಿನ ಹಿಮ.
ಹನ್ನೊಂದು ವರ್ಷ ಈ ಮನೆಯ ಗಾಳಿಯನ್ನೇ
ಉಸಿರಾಡಿದ್ದಕ್ಕೆ ಇನ್ನೇನು ಸಿಕ್ಕೀತು?
ಅಂಗಳಕ್ಕೊಯ್ದು ಕುಂಚದಲ್ಲಿ ಗುಡಿಸಿದೆ.
ದಾಳಿಂಬೆಯ ಬುಡ ಬೆಳ್ಳಗಾಯಿತು.
ಯಾರದೋ ಬೆಕ್ಕು ಬಂದು ಮೂಸಿ, ಸೀನಿ, ಹೋಯಿತು.

ಗುಂಡಿ ಒತ್ತಿದೆ. ಉಸಿರು ಬಂತು,
ಬುದ್ಧಿ ಬರಲಿಲ್ಲ.
ಪರದೆಯ ತುಂಬ ಅಣಬೆ ಎದ್ದ ಹಾಗೆ
ನೀವು ಗೆದ್ದಿದ್ದೀರಿ, ನೀವು ಗೆದ್ದಿದ್ದೀರಿ,
ಲಾಟರಿ ಚೀಟಿಯನ್ನೇ ಕೊಳ್ಳದವರ ಮನೆಯಲ್ಲಿ.
'ಗೋಚಾ!' ಎಂದು ಕೂಗಿದಳು ಮೇಲಕ್ಕೆ.
ಮೈದುನ ಇಳಿಯಲಿಲ್ಲ.
'ನಾರ್ದಿ ಆಟ ಅತ್ತಿಗೆ, ಪುಕ್ಕಟೆ ಅಂತಿತ್ತು'
ದನಿ ಮಾತ್ರ ಮೆಟ್ಟಿಲಿಳಿದು ಬಂತು.

ಆ ರಾತ್ರಿ ಅಲ್ಲೇ ಕೂತೆ.
ಉಳಿದದ್ದನ್ನು ಒಂದೊಂದಾಗಿ ಹೆಕ್ಕಿ, ಸೋಸಿ,
ಬೇರೆ ಡಿಸ್ಕಿಗೆ ಸಾಗಿಸಿ, ಮಿಕ್ಕದ್ದೆಲ್ಲ ಅಳಿಸಿ
ಮೊದಲಿನಿಂದ ತುಂಬಿಸುವ ಕೆಲಸ.
ಶೇಕಡಾ ಹದಿನಾಲ್ಕು.
ಶೇಕಡಾ ಹದಿನಾಲ್ಕು.
ಕೆಳಗೆ ಭಟ್ಟಿ ಹೊತ್ತಿಸಿದರು, ಬೆನ್ನ ಹಿಂದಿನ ಗೋಡೆ ಬೆಚ್ಚಗಾಯಿತು.
ಶೇಕಡಾ ಹದಿನೈದು.

ಬೆಳಗಿನ ಜಾವ ಸಿಕ್ಕಿದ್ದು ಎಕಾಳ ರಸಾಯನಶಾಸ್ತ್ರದ ಟಿಪ್ಪಣಿ,
ಒಂದು ಮದುವೆಯ ಅರ್ಧ ವಿಡಿಯೊ,
ಒಂಬತ್ತು ವರ್ಷದ ಉದ್ರಿ ಲೆಕ್ಕ.
ತ್ಸಿಯಾಲಾ ಹೆಸರುಗಳ ಮೇಲೆ ಬೆರಳಾಡಿಸಿದಳು.
ಇವರು ಹೋದರು. ಇವನೂ.
ಇವಳು ಇನ್ನೂ ಬರುತ್ತಾಳೆ, ಕೊಡುವುದಿಲ್ಲ.
'ಇದೊಂದು ಸಿಗದಿದ್ದರೂ ಆಗುತ್ತಿತ್ತು' ಅಂದಳು,
ಅಳಿಸಲೇ ಅಂದರೆ ಬೇಡ ಅಂದಳು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ
ನನ್ನ ಕಸುಬು. ನಗುವವರು ನಗಲಿ:
ಕೊಳ್ಳೆ ಹೊಡೆಯುವವರು ಒಂದೇ ಸಲ ಬರುವುದಿಲ್ಲ.
ಕಾವಲಿನ ತಂತ್ರಾಂಶ ಹಾಕಿದೆ, ಗೋಚಾನಿಗೆ ಬೇರೆ ಖಾತೆ,
ಏನನ್ನೂ ತುಂಬಿಸಲಾಗದಂಥದ್ದು.
ನಕಲಿನ ಡಿಸ್ಕು ಪಕ್ಕದ ಮನೆಯ ಕಪಾಟಿಗೆ,
ಭಟ್ಟಿಗೆ ಬೆಂಕಿ ಬಿದ್ದರೂ ಅದು ಉಳಿಯಲಿ.
ಮೆಟ್ಟಿಲಡಿಯಿಂದ ಯಂತ್ರ ಮಹಡಿಗೆ.
ಪರದೆಯಂಚಿಗೆ ಅಂಟಿಸಿದ್ದ 'ರೊಟ್ಟಿ೧೨೩' ಚೀಟಿ ಕಿತ್ತೆ.

'ಹೊಸ ಗುಟ್ಟು ನೀವೇ ಬರೆಯಿರಿ. ಉದ್ದಕ್ಕಿರಲಿ.
ನನಗೂ ಹೇಳಬೇಡಿ.'
'ರಿಪೇರಿಯವರಿಗೂ?'
'ಅವರಿಗೆ ಮೊದಲು.'
ಹೊಳೆಯ ಕಡೆ ಮುಖ ತಿರುಗಿಸಿ ನಿಂತೆ.
ಒಂಟಿ ಬೆರಳು, ಇಪ್ಪತ್ತಮೂರು ಬಡಿತ.
ಎಂಟರ ಮೇಲೆ ಬಹಳ ಹೊತ್ತು ತಡೆದು
ಮತ್ತೆ ಹೊರಟಿತು.

ಅವಳು ರೊಟ್ಟಿ ತೆಗೆಯಲು ಕೆಳಗೋಡಿದಳು.
ತಿರುಗಿ ನೋಡಿದರೆ
ಕೀಲಿಮಣೆಯ ಮೇಲೆ, ಒತ್ತಿದ ಒಂದೊಂದು ಅಕ್ಷರಕ್ಕೂ
ಹಿಟ್ಟಿನ ಬೆರಳಚ್ಚು.

ಅಂಗಿಯ ತೋಳಿನಿಂದ ಒರೆಸಿದೆ.
ಎರಡು ಅಕ್ಷರ ಕಣ್ಣಿಗೆ ಬಿದ್ದೇ ಬಿದ್ದವು.
ಅವನ್ನು ಇಲ್ಲಿ ಬರೆಯುವುದಿಲ್ಲ.