ಡಜನ್

ಚಿಟಗುಪ್ಪದ ಬಜಾರಿನಲ್ಲಿ, ಬಳೆ ಅಂಗಡಿಗೆ ಗೋಡೆ ಹಂಚಿಕೊಂಡ
ನನ್ನ ದವಾಖಾನಿಯ ಬಾಗಿಲಿಗೆ
ಆ ವರ್ಷ ಒಂದು ಬೆಂಚು ಅಡ್ಡ ಬಂತು.
ಒಳಗೆ ನಾನು. ಹೊರಗೆ ಬೇವಿನ ನೆರಳು,
ನೆರಳಿನಲ್ಲಿ ಸುಣ್ಣದ ವೃತ್ತ,
ವೃತ್ತದೊಳಗೆ ಮನುಷ್ಯರ ಬದಲು
ಚಪ್ಪಲಿ, ಕೈಚೀಲ, ಮುರಿದ ಕೊಡೆ
ಸರದಿ ಹಿಡಿದು ಕೂತಿದ್ದವು.

'ಬಾಯಿ, ಡಾಕ್ಟರಬಾಯಿ' ಎಂದು ಕೂಗುವವರು
ನನ್ನ ಬಾಯಿ ನೋಡಿ ನಾಲ್ಕು ತಿಂಗಳಾಗಿತ್ತು.

ಇಪ್ಪತ್ತಾರು ವರ್ಷ ಊರ ಎದೆಗೆ ಕಿವಿ ಕೊಟ್ಟವಳು.
ಬೆನ್ನಿಗೆ ತಣ್ಣನೆಯ ಬಿಲ್ಲೆ ಇಟ್ಟರೆ ಸಾಕು:
ಇದು ತೊಗರಿ ಹೊಟ್ಟಿನ ಧೂಳು, ಇದು ಬೀಡಿ,
ಇದು ನಿಜಕ್ಕೂ ನ್ಯುಮೋನಿಯಾ,
ಇದು ಅತ್ತೆಯ ಮೇಲಿನ ಸಿಟ್ಟು, ಕೆಮ್ಮಿನ ವೇಷ ಹಾಕಿ ಬಂದದ್ದು.
ಈಗ ಸ್ಟೆತಸ್ಕೋಪು ಮೊಳೆಗೆ.
ಎದೆಗಳೆಲ್ಲ ಫೋನಿನಲ್ಲಿ ಬರತೊಡಗಿದವು.

ಜರ ಎಂದಿನಿಂದ? ರೊಟ್ಟಿ ಹೋಗ್ತದೇನು?
ಒಗ್ಗರಣಿ ವಾಸನಿ ಬರ್ತದೇನು?
ಬಚ್ಚಲತನಕ ನಡದ್ರ ದಮ್ಮು ಹತ್ತತದೇನು?
'ಅದೆಲ್ಲ ಬಿಡ್ರಿ ಬಾಯಿ, ಜೋರಿಂದೊಂದು ಸೂಜಿ ಮಾಡ್ರಿ.'
ವೈರಸ್ಸಿಗೆ ಸೂಜಿ ಹೆದರಿಕೆ ಇಲ್ಲ ಎಂದು
ದಿನಕ್ಕೆ ಅರವತ್ತು ಸಲ ಹೇಳಿದೆ.
ಅರವತ್ತರಲ್ಲಿ ಇಪ್ಪತ್ತು ಮಂದಿ ಮೆಡಿಕಲ್ ಅಂಗಡಿಯ ದತ್ತುವಿನ ಬಳಿ ಹೋಗಿ
ಐದು ಗುಳಿಗೆಯ ಪಟ್ಟಿ ತಂದರು.
ಉಳಿದವರಿಗೆ ಪ್ಯಾರಾಸಿಟಮಾಲ್, ನೀರು,
ಮತ್ತೆ 'ನಾಳೆ ಇದ ಟೈಮಿಗಿ ಫೋನ್ ಮಾಡ್ರಿ.'
ಕೊನೆಯದಕ್ಕೆ ಬಿಲ್ ಇರಲಿಲ್ಲ.

ಹುಮನಾಬಾದಿನಿಂದ ಬಂದ ಒಂದೇ ಆಕ್ಸಿಮೀಟರು
ಪೇಢೆಯ ಡಬ್ಬಿಯಲ್ಲಿ ಓಣಿ ಓಣಿ ತಿರುಗಿ
ಮೂರನೆಯ ವಾರ ಕಣ್ಣು ಮುಚ್ಚಿತು.
ಆಮೇಲೆ ಹೀಗೆ ಮಾಡಿದೆ:
'ದೊಡ್ಡ ಉಸಿರು ತಗೊಂಡು
ಒಂದೇ ದಮ್ಮಿನ್ಯಾಗ ಎಣಸ್ರಿ. ಕೇಳ್ತೀನಿ.'

ಊರು ಎಣಿಸಿತು.
ಮೌಲಾಸಾಬ ಏಕ್ ದೋ ತೀನ್, ತುಸು ಬೀಗುತ್ತ ಮೂವತ್ತೆಂಟು.
ಜಹೀರಾಬಾದಿನ ಸೊಸೆ ತೆಲುಗಿನಲ್ಲಿ;
ಅಂಕಿ ತಿಳಿಯದಿದ್ದರೂ
ಎಳೆ ಎಲ್ಲಿ ಹರಿಯಿತು ಎಂಬುದು ಕಿವಿಗೆ ತಿಳಿಯುತ್ತದೆ.
ಒಬ್ಬ ಹುಡುಗ ಹದಿನೇಳರ ಮಗ್ಗಿ ಒಪ್ಪಿಸಿದ.
ಮಗ್ಗಿ ತಪ್ಪಿತ್ತು, ಎದೆ ಸರಿಯಿತ್ತು.

ಪಕ್ಕದಂಗಡಿಯ ಹುಸೇನಬಿ.
ಮಾರುವುದು ಕನ್ನಡದಲ್ಲಿ, ಬೈಯುವುದು ಉರ್ದುವಿನಲ್ಲಿ.
ಒಂದು, ಎರಡು, ಸರಾಗ ಹನ್ನೊಂದು, ಹನ್ನೆರಡು.
ನಿಂತಳು.
ನನ್ನ ಬೆರಳು ಆಂಬುಲೆನ್ಸಿನ ನಂಬರಿಗೆ ಓಡಿತು.
'ಯಾಕ ನಿಂತಿ? ದಮ್ಮು ಹತ್ತಲತ್ತದೇನು?'
'ಇಲ್ರೀ ಬಾಯಿ. ಡಜನ್ ಆತಲ್ಲ.'

ನಕ್ಕೆ. ಮಾಸ್ಕಿನೊಳಗಿನ ನಗು ಮೇಲೇರಿ
ಕನ್ನಡಕ ಕುರುಡಾಯಿತು.
ಮತ್ತೊಮ್ಮೆ ಎಣಿಸಿದಳು, ನಿಲ್ಲದೆ, ಎರಡು ಡಜನ್,
ಮೇಲೆ ಕೊಸರು ನಾಲ್ಕು.

ದಿನಾ ಸಂಜೆ ಏಳೂವರೆಗೆ ನಮ್ಮ ವ್ಯಾಪಾರ.
ಮಂಗಳವಾರ ಎರಡು ಡಜನ್, ಕೊಸರಿಲ್ಲ.
ಗುರುವಾರ ಒಂದೂವರೆ. 'ಗಂಟಲಾ ಒಣಗ್ಯಾದ, ಅಷ್ಟೇ' ಅಂದಳು.
ನಾನೂ ಅಷ್ಟೇ ಇರಲಿ ಎಂದುಕೊಂಡೆ.
ಇದನ್ನು ಇಲ್ಲಿ ಬರೆದಿಡಬೇಕು: ಎಂದುಕೊಂಡೆ.

ಶನಿವಾರ ಹನ್ನೆರಡಕ್ಕೆ ನಿಂತಳು.
ಚೇಷ್ಟೆಗೆ ಕಾದೆ.
'ಡಜನ್ ಆತೇನು?'
ಉತ್ತರವಿಲ್ಲ. ಕೈ ಎದೆಯ ಮೇಲಿತ್ತೇನೋ,
ಎದೆ ಏರಿದಾಗೊಮ್ಮೆ ಗಾಜಿನ ಬಳೆ ಕಿಣ್ಣೆನ್ನುತ್ತಿತ್ತು.
ಅವಳು ಎಣಿಸಲಿಲ್ಲ. ಗೋಡೆಯ ಗಡಿಯಾರ ನೋಡುತ್ತ
ನಾನು ಎಣಿಸಿದೆ.
ನಿಮಿಷಕ್ಕೆ ಮೂವತ್ತನಾಲ್ಕು.

'ಬೋರಲ ಮಲಗು, ಮಾತಾಡಬ್ಯಾಡ, ಗಾಡಿ ಬರ್ಲತ್ತದ.'
ಬೀದರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ:
ಹೆಂಗಸು, ಐವತ್ತೆಂಟು, ಎಂಟನೆಯ ದಿನ,
ಉಸಿರಾಟ ಮೂವತ್ತನಾಲ್ಕು.
ಹೇಗೆ ಅಳೆದಿರಿ ಎಂದು ಯಾರೂ ಕೇಳಲಿಲ್ಲ,
ಅದಕ್ಕೆ ಕಾಲಂ ಇರಲಿಲ್ಲ.

ಗಾಡಿ ಮನ್ನಾಎಖೆಳ್ಳಿ ದಾರಿಗೆ ಹೊರಳಿತು.
ಒಂಬತ್ತಾಗಿತ್ತು. ಬೇವಿನ ಕೆಳಗೆ
ಯಾರದೋ ಕೊಡೆ ಇನ್ನೂ ಸರದಿಯಲ್ಲಿತ್ತು.
ಫೋನು.
'ಬಾಯಿ, ಬರೇ ನೆಗಡಿ ಅದ. ಜೋರಿಂದೊಂದು ಸೂಜಿ...'
'ಆಯ್ತು. ಮೊದಲ ಉಸಿರು ತಗೋರಿ,' ಅಂದೆ,
'ಎಣಸ್ರಿ.'